ಸ್ಟಿಕ್ ನಡುವಿಗೆ ಬಂದರೂ ವಾಲಿಯೇ ಇರುವ ವಿಮಾನ

2024ರ ಡಿಸೆಂಬರ್ 8, ಭಾನುವಾರ. ಹೈದರಾಬಾದಿನ ಟ್ಯಾಂಕ್‌ಬಂಡ್ ಮೇಲೆ ಸೇರಿದ್ದ ಜನರೆಲ್ಲ ಕತ್ತೆತ್ತಿ ನಿಂತಿದ್ದರು. ಹುಸೇನ್ ಸಾಗರದ ಮೇಲೆ ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ಕೆಂಪು-ಬಿಳಿ ಬಣ್ಣ ತೊಟ್ಟು ಆಟ ತೋರಿಸುತ್ತಿದ್ದವು. ಪ್ರದರ್ಶನ ತೆಲಂಗಾಣದ್ದಾದರೂ ತಂಡದ ಮನೆ ನಮ್ಮ ಬೀದರ್. 1996ರಲ್ಲಿ ಅಲ್ಲೇ ಹುಟ್ಟಿ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ ಹಾರಿ, 2011ರಲ್ಲಿ ನಿಂತುಹೋಗಿ, 2015ರಲ್ಲಿ ಹಾಕ್ ಏರಿ ಮತ್ತೆ ಆಕಾಶಕ್ಕೆ ಬಂದ ತಂಡ ಇದು.

ಇಂಥ ಪ್ರದರ್ಶನಗಳಲ್ಲಿ ಸಿಳ್ಳೆ ಬೀಳುವುದು ವಿಮಾನ ಮುಂದಕ್ಕೆ ಹೋಗುತ್ತಲೇ ಹೊರಳಿ, ಹೊಟ್ಟೆ ಮೇಲಾಗಿ, ಇನ್ನೊಂದು ಮಗ್ಗುಲಿಂದ ಸರಿಯಾಗಿ ಬಂದು ನಿಂತಾಗ. ಅದು ಹೇಗಾಗುತ್ತದೆ ಎಂದು ಕೇಳಿದರೆ ಸ್ವಲ್ಪ ಓದಿಕೊಂಡವರು ‘ರೆಕ್ಕೆಯ ಹಿಂದೆ ಒಂದು ಪಟ್ಟಿ ಇರುತ್ತದಲ್ಲ, ಅದು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಗುತ್ತದೆ’ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಅರ್ಧ. ಆ ಪಟ್ಟಿ, ಅಂದರೆ ಏಲೆರಾನ್, ವಿಮಾನವನ್ನು ಹೊರಳಿಸಲು ಶುರು ಮಾಡುತ್ತದೆ. ಆ ಹೊರಳಿಕೆಗೆ ಮಿತಿ ಹಾಕುವುದೂ ಕೊನೆಗೆ ಅದನ್ನು ನಿಲ್ಲಿಸುವುದೂ ಗಾಳಿ. ಈ ಇನ್ನರ್ಧ ಗೊತ್ತಾಗದೆ ವಿಮಾನ ಹಾರಿಸುವುದು ಏನೆಂದು ತಿಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

ಇದನ್ನು ನೋಡಲು ಹಾಕ್ ಬೇಕಾಗಿಲ್ಲ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ಏರ್‌ಬಸ್ ಎ320ರಲ್ಲಿ ರೆಕ್ಕೆಗಿಂತ ಕೊಂಚ ಹಿಂದಿನ ಸಾಲಿನ ಕಿಟಕಿ ಸೀಟು ಸಿಕ್ಕರೆ ಸಾಕು. ವಿಮಾನ ಇನ್ನೂ ನೆಲದ ಮೇಲೆ ತೆವಳುತ್ತಿರುವಾಗಲೇ ಪೈಲಟ್ ಕೈಯಲ್ಲಿನ ಹಿಡಿಕೆಯನ್ನು, ಅಂದರೆ ಸ್ಟಿಕ್ಕನ್ನು, ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಳ್ಳಿ ಎಲ್ಲ ಸರಿಯಿದೆಯೇ ಎಂದು ನೋಡುತ್ತಾನೆ. ಆಗ ರೆಕ್ಕೆಯ ತುದಿಯ ಹತ್ತಿರದ ಪಟ್ಟಿ ಮೇಲೆದ್ದು ಕೆಳಗಿಳಿಯುವುದು ಕಾಣುತ್ತದೆ. ಅದೇ ಏಲೆರಾನ್, ಪ್ರತಿ ರೆಕ್ಕೆಗೆ ಒಂದೊಂದು. ಅದು ಮೇಲೆದ್ದಾಗ ರೆಕ್ಕೆಯ ಬೆನ್ನಿನ ಮೇಲಿನ ನಾಲ್ಕು ಹಲಗೆಗಳೂ ಜೊತೆಗೆ ಎದ್ದು ನಿಲ್ಲುತ್ತವೆ. ಅವು ಸ್ಪಾಯ್ಲರ್‌ಗಳು, ಅವುಗಳ ಮಾತು ಆಮೇಲೆ. ರೆಕ್ಕೆಯ ಬುಡದ ಕಡೆ ಹಿಂದಕ್ಕೆ ಜಾರಿ ಕೆಳಗಿಳಿಯುವ ಅಗಲವಾದ ಫ್ಲಾಪ್‌ಗಳನ್ನು ಇವುಗಳೊಂದಿಗೆ ಬೆರೆಸಬೇಡಿ. ಫ್ಲಾಪ್ ಎರಡೂ ಕಡೆ ಒಂದೇ ಸಮ ಇಳಿಯುತ್ತದೆ, ಅದಕ್ಕೂ ಹೊರಳುವುದಕ್ಕೂ ಸಂಬಂಧವಿಲ್ಲ. ಎ320ರಲ್ಲಿ ಫ್ಲಾಪ್ ಇಳಿದಾಗ ಏಲೆರಾನ್‌ಗಳೂ ಎರಡೂ ಕಡೆ ಐದು ಡಿಗ್ರಿಯಷ್ಟು ಜೋತುಬೀಳುತ್ತವೆ ಎಂಬುದನ್ನು ಗಮನಿಸಿದವರಿಗೆ ಸ್ವಲ್ಪ ಗೊಂದಲವಾಗಬಹುದು. ಟೇಕಾಫ್‌ಗೂ ಇಳಿಯುವುದಕ್ಕೂ ರೆಕ್ಕೆಗೆ ತುಸು ಹೆಚ್ಚಿನ ಕಸುವು ಬೇಕೆಂದು ಅದಕ್ಕೂ ಕೆಲಸ ಹಚ್ಚಿದ್ದಾರೆ, ಅಷ್ಟೇ.

ವಿಮಾನ ಮೇಲೇರಿ ಬೆಂಗಳೂರಿನ ದಾರಿ ಹಿಡಿಯಲು ತಿರುಗುವಾಗ ಏಲೆರಾನ್ ಮೇಲೆಯೇ ಕಣ್ಣಿಡಿ. ಅದು ಒಂದೆರಡು ಸೆಕೆಂಡು ಎದ್ದು ಮತ್ತೆ ತನ್ನ ಜಾಗಕ್ಕೆ ಬಂದು ಮಲಗುತ್ತದೆ. ವಿಮಾನ ಮಾತ್ರ ಇನ್ನೂ ವಾಲಿಯೇ ಇದೆ, ಕಿಟಕಿಯಲ್ಲಿ ಒಂದು ಕಡೆ ಬರೀ ಭೂಮಿ, ಇನ್ನೊಂದು ಕಡೆ ಬರೀ ಆಕಾಶ. ತಿರುವು ಮುಗಿಯುವಾಗ ಅದೇ ಏಲೆರಾನ್ ಉಲ್ಟಾ ದಿಕ್ಕಿಗೆ ಒಂದು ಕ್ಷಣ ಅಲುಗಾಡಿ ಮತ್ತೆ ಸುಮ್ಮನಾಗುತ್ತದೆ. ಕಾರಿನ ಸ್ಟಿಯರಿಂಗ್ ಬಳಸಿ ಅಭ್ಯಾಸವಾದವರಿಗೆ ಇದು ವಿಚಿತ್ರ. ಕಾರಿನಲ್ಲಿ ತಿರುವು ಮುಗಿಯುವವರೆಗೆ ಚಕ್ರ ತಿರುಗಿಸಿ ಹಿಡಿದಿರಬೇಕು. ವಿಮಾನದಲ್ಲಿ ತಿರುವಿನ ಬಹುಪಾಲು ಹೊತ್ತು ಸ್ಟಿಕ್ ನಡುವಿನಲ್ಲೇ ಇರುತ್ತದೆ. ಎಷ್ಟು ವಾಲಬೇಕು ಎಂದು ಸ್ಟಿಕ್ ಹೇಳುವುದಿಲ್ಲ, ಎಷ್ಟು ಬೇಗ ವಾಲುತ್ತ ಹೋಗಬೇಕು ಎಂದು ಹೇಳುತ್ತದೆ.

ಕಾರಣಕ್ಕೆ ಬರೋಣ. ಸ್ಟಿಕ್ಕನ್ನು ಎಡಕ್ಕೆ ತಳ್ಳಿದರೆ ಎಡರೆಕ್ಕೆಯ ಏಲೆರಾನ್ ಮೇಲೇಳುತ್ತದೆ, ಬಲದ್ದು ಕೆಳಗಿಳಿಯುತ್ತದೆ. ಕೆಳಗಿಳಿದ ಕಡೆ ರೆಕ್ಕೆಯ ಬಾಗು ಹೆಚ್ಚಾಯಿತು, ಅದು ಗಾಳಿಯನ್ನು ಇನ್ನಷ್ಟು ಜೋರಾಗಿ ಕೆಳಕ್ಕೆ ತಳ್ಳುತ್ತದೆ, ಎತ್ತುವ ಬಲ ಏರುತ್ತದೆ. ಎಡಗಡೆ ಬಾಗು ಕಡಿಮೆಯಾಗಿ ಎತ್ತುವ ಬಲ ಇಳಿಯುತ್ತದೆ. ವ್ಯತ್ಯಾಸ ದೊಡ್ಡದೇನೂ ಇರಬೇಕಾಗಿಲ್ಲ, ವಿಮಾನದ ನಡುಗೆರೆಯಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಎ320ರ ರೆಕ್ಕೆ ತುದಿಯಿಂದ ತುದಿಗೆ 35.8 ಮೀಟರ್. ಏಲೆರಾನ್ ತುದಿಯ ಹತ್ತಿರ ಕೂತಿರುವುದರಿಂದ ಸಣ್ಣ ಬಲಕ್ಕೂ ಹದಿನೈದು ಮೀಟರಿನ ಆಸುಪಾಸಿನ ಸನ್ನೆ ಸಿಗುತ್ತದೆ.

ಈಗ ತೊಡಕು. ಒಂದು ಕಡೆ ಬಲ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಈ ವ್ಯತ್ಯಾಸ ಹಾಗೇ ಉಳಿದರೆ ವಿಮಾನ ಹೊರಳುವ ವೇಗ ಏರುತ್ತಲೇ ಹೋಗಬೇಕಿತ್ತು, ಬುಗುರಿಯಾಗಬೇಕಿತ್ತು. ಹಾಗಾಗುವುದಿಲ್ಲ. ಎಡಕ್ಕೆ ಹೊರಳುವಾಗ ಎಡರೆಕ್ಕೆ ಕೆಳಗೆ ಇಳಿಯುತ್ತಿರುತ್ತದೆ. ಇಳಿಯುವ ರೆಕ್ಕೆಗೆ ಗಾಳಿ ತುಸು ಕೆಳಗಿನಿಂದ ಬಂದು ಹೊಡೆದಂತಾಗುತ್ತದೆ, ಅದರ ಎತ್ತುವ ಬಲ ಹೆಚ್ಚುತ್ತದೆ. ಏರುವ ಬಲರೆಕ್ಕೆಗೆ ಗಾಳಿ ತುಸು ಮೇಲಿನಿಂದ ಬಂದಂತಾಗಿ ಬಲ ಕುಗ್ಗುತ್ತದೆ. ಅಂದರೆ ಹೊರಳುವಿಕೆಯೇ ಹೊರಳುವಿಕೆಗೆ ಅಡ್ಡ ನಿಲ್ಲುತ್ತದೆ. ಎ320ರಲ್ಲಿ ಸ್ಟಿಕ್ಕನ್ನು ಪೂರ್ತಿ ತಳ್ಳಿದರೆ ಕಂಪ್ಯೂಟರ್ ಕೊಡುವ ಹೊರಳುವ ವೇಗ ಸೆಕೆಂಡಿಗೆ 15 ಡಿಗ್ರಿ. ಲೆಕ್ಕ ಹಾಕಿದರೆ ಆಗ ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 4.7 ಮೀಟರ್ ವೇಗದಲ್ಲಿ ಇಳಿಯುತ್ತಿರುತ್ತದೆ. ಇಳಿದಾಣದ ಹತ್ತಿರ ಸೆಕೆಂಡಿಗೆ 75 ಮೀಟರ್ ಮುಂದಕ್ಕೆ ಹೋಗುತ್ತಿರುವ ವಿಮಾನವಾದರೆ, ತುದಿಗೆ ಗಾಳಿ ಬಡಿಯುವ ಕೋನ ಮೂರೂವರೆ ಡಿಗ್ರಿಯಷ್ಟು ಬದಲಾಗುತ್ತದೆ. ರೆಕ್ಕೆಯ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಹೊರಳುವ ವೇಗ ಏರುತ್ತ ಏರುತ್ತ ಈ ಅಡ್ಡಿ ಏಲೆರಾನಿನ ಬಲಕ್ಕೆ ಸಮನಾದ ಕೂಡಲೇ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಇಷ್ಟು ಸ್ಟಿಕ್ಕಿಗೆ ಇಷ್ಟು ಹೊರಳುವ ವೇಗ. ಸ್ಟಿಕ್ಕನ್ನು ನಡುವಿಗೆ ತಂದರೆ ಏಲೆರಾನಿನ ಬಲ ಹೋಯಿತು, ಅಡ್ಡಿ ಮಾತ್ರ ಉಳಿಯಿತು, ಹೊರಳುವುದು ನಿಂತಿತು. ವಾಲಿದ್ದು ಮಾತ್ರ ವಾಲಿದಷ್ಟೇ. ರೆಕ್ಕೆಯನ್ನು ಹಿಂದಕ್ಕೆ ಎತ್ತಲು ಯಾರೂ ಹೇಳಿಲ್ಲವಲ್ಲ.

ಹಾಕ್ ಅಷ್ಟು ಚುರುಕಾಗಿ ಹೊರಳುವ ಗುಟ್ಟೂ ಇದರಲ್ಲೇ ಇದೆ. ಅದರ ರೆಕ್ಕೆ ತುದಿಯಿಂದ ತುದಿಗೆ ಹತ್ತು ಮೀಟರಿಗೂ ಕಡಿಮೆ. ಎರಡು ಸೆಕೆಂಡಿಗೆ ಒಂದು ಪೂರ್ತಿ ಸುತ್ತು ಎಂದಿಟ್ಟುಕೊಂಡರೂ ತುದಿಯ ವೇಗ ಸೆಕೆಂಡಿಗೆ ಹದಿನೈದು ಮೀಟರಿನಷ್ಟು. ವಿಮಾನದ ವೇಗವೇ ಅದರ ಹತ್ತುಪಟ್ಟು ಇರುವುದರಿಂದ ಗಾಳಿಯ ಅಡ್ಡಿ ಸುಧಾರಿಸಿಕೊಳ್ಳುವಷ್ಟೇ ಇರುತ್ತದೆ. ಎ320ಕ್ಕೆ ಇದೇ ಆಟ ಆಡಿಸಲು ಹೋದರೆ ರೆಕ್ಕೆಯ ತುದಿ ಸೆಕೆಂಡಿಗೆ 56 ಮೀಟರ್ ಓಡಬೇಕಾಗುತ್ತದೆ. ಉದ್ದ ರೆಕ್ಕೆ ಹೊರಳುವುದಕ್ಕೆ ಒಗ್ಗುವುದಿಲ್ಲ.

ವಾಲುವುದಾದರೂ ಏಕೆ? ತಿರುಗುವುದಕ್ಕೆ. ನೆಟ್ಟಗಿರುವ ವಿಮಾನದ ಎತ್ತುವ ಬಲ ನೇರ ಮೇಲಕ್ಕೆ. ವಾಲಿದರೆ ಆ ಬಲವೂ ವಾಲುತ್ತದೆ, ಅದರ ಒಂದು ಪಾಲು ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ವಿಮಾನ ತಿರುಗುವುದು ಆ ಪಾಲಿನಿಂದ. ಬಾಲದ ರಡ್ಡರ್ ದೋಣಿಯ ಚುಕ್ಕಾಣಿಯಂತೆ ಕಂಡರೂ ತಿರುವಿನ ಕೆಲಸ ಅದರದ್ದಲ್ಲ. ಪಕ್ಕಕ್ಕೆ ಪಾಲು ಕೊಟ್ಟ ಮೇಲೆ ತೂಕ ಹೊರಲು ಉಳಿದದ್ದು ಸಾಲದು, ಆದ್ದರಿಂದ ಪೈಲಟ್ ಸ್ಟಿಕ್ಕನ್ನು ಹಿಂದಕ್ಕೂ ಎಳೆದು ಒಟ್ಟು ಬಲ ಹೆಚ್ಚಿಸಬೇಕು. 30 ಡಿಗ್ರಿ ವಾಲಿದರೆ ತೂಕದ 1.15 ಪಟ್ಟು, 45 ಡಿಗ್ರಿಗೆ 1.41 ಪಟ್ಟು, 60 ಡಿಗ್ರಿಗೆ ಸರಿಯಾಗಿ ಎರಡು ಪಟ್ಟು. ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 30 ಡಿಗ್ರಿ ದಾಟದಿರುವುದು ಇದಕ್ಕೇ, ಇಲ್ಲವಾದರೆ ಕೈಯಲ್ಲಿನ ಕಾಫಿ ಲೋಟ ಭಾರವಾಗಿ ಸೀಟಿನಿಂದ ದೂರು ಬರುತ್ತದೆ. ಸಣ್ಣ ವಿಮಾನದಲ್ಲಿ ಕಡಿದಾಗಿ ತಿರುಗುವಾಗ ಇನ್ನೊಂದು ತಮಾಷೆ ಇದೆ. ಹೊರಗಡೆಯ ರೆಕ್ಕೆ ದೊಡ್ಡ ವೃತ್ತದಲ್ಲಿ ಓಡುವುದರಿಂದ ಅದಕ್ಕೆ ವೇಗ ಹೆಚ್ಚು, ಬಲವೂ ಹೆಚ್ಚು. ವಿಮಾನ ತನ್ನಷ್ಟಕ್ಕೆ ಇನ್ನೂ ವಾಲಲು ನೋಡುತ್ತದೆ. ಆಗ ಎಡಕ್ಕೆ ತಿರುಗುತ್ತಿರುವ ಪೈಲಟ್ ಸ್ಟಿಕ್ಕನ್ನು ತುಸು ಬಲಕ್ಕೆ ಹಿಡಿದಿರುತ್ತಾನೆ.

ಏಲೆರಾನಿನ ಉಪಕಾರಕ್ಕೆ ಬಡ್ಡಿಯೂ ಉಂಟು. ಈ ಬಡ್ಡಿಯನ್ನು ಮೊದಲು ಕಟ್ಟಿದವರು ರೈಟ್ ಸಹೋದರರು. ಅವರ ಹತ್ತಿರ ಏಲೆರಾನ್ ಇರಲಿಲ್ಲ, ಹಗ್ಗದಿಂದ ಇಡೀ ರೆಕ್ಕೆಯ ತುದಿಯನ್ನೇ ತಿರುಚುತ್ತಿದ್ದರು. ಒಂದು ತುದಿ ಮೇಲಕ್ಕೆ ತಿರುಚಿದರೆ ಇನ್ನೊಂದು ಕೆಳಕ್ಕೆ, ತತ್ವ ಒಂದೇ. ಗ್ಲೈಡರ್‌ಗಳಲ್ಲಿ ಪ್ರಯೋಗ ಮಾಡುವಾಗ ಎಡಕ್ಕೆ ವಾಲಿಸಿದರೆ ಮೂತಿ ಬಲಕ್ಕೆ ಹೋಗಿ ಅವರನ್ನು ಕಂಗೆಡಿಸಿತು. ಕಾರಣ ಸರಳ: ಎತ್ತುವ ಬಲ ಹೆಚ್ಚಿದ ರೆಕ್ಕೆಗೆ ಗಾಳಿಯ ಹಿಂದೆಳೆತವೂ ಹೆಚ್ಚುತ್ತದೆ. ಮೇಲೇರುವ ರೆಕ್ಕೆಯನ್ನು ಗಾಳಿ ಹಿಂದಕ್ಕೆ ಹಿಡಿದು ಎಳೆಯುತ್ತದೆ, ಮೂತಿ ಬೇಡದ ದಿಕ್ಕಿಗೆ ತಿರುಗುತ್ತದೆ. ಅವರು ಮೊದಲು ಬಾಲಕ್ಕೆ ನಿಂತ ಹಲಗೆ ಜೋಡಿಸಿದರು. ಅದು ಸಾಲದೆ 1902ರ ಗ್ಲೈಡರಿನಲ್ಲಿ ಆ ಹಲಗೆಯನ್ನು ಅಲುಗಾಡುವಂತೆ ಮಾಡಿ, ರೆಕ್ಕೆ ತಿರುಚುವ ಹಗ್ಗಕ್ಕೇ ಕಟ್ಟಿದರು. ರೆಕ್ಕೆ ತಿರುಚಿದಾಗ ರಡ್ಡರ್ ತಾನಾಗಿ ಹೊರಳಿ ಮೂತಿಯನ್ನು ಸರಿದಾರಿಗೆ ತರುತ್ತಿತ್ತು. 1903ರ ಡಿಸೆಂಬರ್ 17ರಂದು ಎಂಜಿನ್ ಕೂರಿಸಿ ಹಾರಿದ್ದು ಎಲ್ಲರಿಗೂ ಗೊತ್ತು. ಆದರೆ ವಿಮಾನ ಹಾರಿಸುವ ಕಲೆ ಮನುಷ್ಯನಿಗೆ ದಕ್ಕಿದ್ದು ಎಂಜಿನ್ ಇಲ್ಲದ ಆ 1902ರ ಗ್ಲೈಡರಿನಲ್ಲಿ ಎಂದೇ ನಾನು ವಾದಿಸುತ್ತೇನೆ. ಇಡೀ ರೆಕ್ಕೆ ತಿರುಚುವುದನ್ನು ಬಿಟ್ಟು ತಿರುಗಣೆ ಹಾಕಿದ ಪಟ್ಟಿಗಳಿಗೆ ಜಗತ್ತು ಬೇಗನೆ ಹೊರಳಿತು. ಇಂಥ ಪಟ್ಟಿಗೆ ಬ್ರಿಟನ್ನಿನ ಬೌಲ್ಟನ್ ಎಂಬುವರು 1868ರಲ್ಲೇ, ಹಾರುವ ವಿಮಾನವೇ ಇಲ್ಲದ ಕಾಲದಲ್ಲಿ, ಪೇಟೆಂಟ್ ಪಡೆದಿದ್ದರು. ಅಮೆರಿಕದಲ್ಲಿ ರೈಟ್ ಸಹೋದರರಿಗೂ ವಿಮಾನ ಕಟ್ಟುತ್ತಿದ್ದ ಗ್ಲೆನ್ ಕರ್ಟಿಸ್‌ಗೂ ಇದೇ ವಿಷಯಕ್ಕೆ ವರ್ಷಗಟ್ಟಲೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು.

ಬೇಡದ ಕಡೆ ಮೂತಿ ತಿರುಗುವ ಈ ಕಾಟಕ್ಕೆ ಆಮೇಲೆ ಬಂದ ಮದ್ದು ಹೈದರಾಬಾದಿಗೂ ಪರಿಚಿತ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬೇಗಂಪೇಟೆಯಲ್ಲಿ ಪೈಲಟ್‌ಗಳ ಪ್ರಾಥಮಿಕ ತರಬೇತಿ ಶಾಲೆ ಇತ್ತು, ಕಲಿಸಲು ಟೈಗರ್ ಮಾತ್ ಎಂಬ ಎರಡಂತಸ್ತಿನ ರೆಕ್ಕೆಯ ಬಟ್ಟೆಯ ವಿಮಾನ. ಅದರ ಏಲೆರಾನ್ ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಮೇಲೇಳುವ ಏಲೆರಾನ್ ಧಾರಾಳವಾಗಿ ಏಳುವಂತೆ, ಕೆಳಗಿಳಿಯುವುದು ತೀರ ಕಡಿಮೆ ಇಳಿಯುವಂತೆ ಅದರ ಸಲಾಕೆಗಳನ್ನು ಜೋಡಿಸಿದ್ದರು. ಹಿಂದೆಳೆತ ಹುಟ್ಟಿಸುವುದು ಕೆಳಗಿಳಿದ ಪಟ್ಟಿ, ಅದನ್ನೇ ಕಟ್ಟಿಹಾಕಿದರೆ ಕಾಟ ಕಡಿಮೆ. ಬ್ರಿಸ್ಟಲ್ ವಿಮಾನ ಕಂಪನಿಯ ಎಂಜಿನಿಯರ್ ಫ್ರೈಸ್ ಇನ್ನೊಂದು ಉಪಾಯ ಹೂಡಿದರು. ಏಲೆರಾನ್ ಮೇಲೆದ್ದಾಗ ಅದರ ಮುಂದಿನ ಅಂಚು ರೆಕ್ಕೆಯ ಕೆಳಗೆ ಚಾಚಿ ಗಾಳಿಗೆ ಅಡ್ಡವಾಗುವಂತೆ ಮಾಡಿ, ಆ ಕಡೆಯೂ ಅಷ್ಟೇ ಎಳೆತ ಹುಟ್ಟಿಸಿದರು. ಇಷ್ಟಾದರೂ ಉಳಿಯುವ ಚೂರುಪಾರಿಗೆ ಪೈಲಟ್ ಕಾಲಲ್ಲಿ ರಡ್ಡರ್ ಒತ್ತಬೇಕು. ದೊಡ್ಡ ವಿಮಾನಗಳಲ್ಲಿ ಅದನ್ನು ಯಂತ್ರವೇ ಒತ್ತಿಕೊಳ್ಳುತ್ತದೆ.

ವೇಗ ಹೆಚ್ಚಿದಾಗ ಬರುವ ಫಜೀತಿ ಬೇರೆ ತರಹದ್ದು, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗದ್ದು. ಏಲೆರಾನ್ ಕೂತಿರುವುದು ರೆಕ್ಕೆಯ ಹಿಂದಿನ ಅಂಚಿನಲ್ಲಿ. ಅದು ಕೆಳಗಿಳಿದಾಗ ಗಾಳಿ ಆ ಹಿಂದಿನ ಅಂಚನ್ನು ಮೇಲಕ್ಕೆ ಒತ್ತುತ್ತದೆ. ರೆಕ್ಕೆ ಕಲ್ಲಲ್ಲ, ಅದು ತಿರುಚಿಕೊಳ್ಳುತ್ತದೆ, ಮುಂದಿನ ಅಂಚು ಕೆಳಗೆ ಬಗ್ಗುತ್ತದೆ. ಬಗ್ಗಿದ ರೆಕ್ಕೆಯ ಎತ್ತುವ ಬಲ ಇಳಿಯುತ್ತದೆ. ನಿಧಾನ ವೇಗದಲ್ಲಿ ಈ ತಿರುಚಿಕೆ ಗಣನೆಗೆ ಬಾರದು. ವೇಗ ಏರಿದಂತೆ ಏಲೆರಾನ್ ಕೊಟ್ಟ ಲಾಭವನ್ನು ತಿರುಚಿಕೆ ತಿನ್ನುತ್ತ ಹೋಗುತ್ತದೆ. ಒಂದು ವೇಗದಲ್ಲಿ ಎರಡೂ ಸಮ, ಸ್ಟಿಕ್ ಎತ್ತ ತಳ್ಳಿದರೂ ವಿಮಾನ ಜಗ್ಗದು. ಅದನ್ನೂ ದಾಟಿದರೆ ಎಡಕ್ಕೆ ತಳ್ಳಿದಾಗ ಬಲಕ್ಕೆ ಹೊರಳುತ್ತದೆ! ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಫೈಟರ್ ವಿಮಾನದ ಎಂಜಿನಿಯರುಗಳಿಗೂ, ಆಮೇಲೆ ಉದ್ದ ತೆಳ್ಳನೆಯ ರೆಕ್ಕೆಯ ಬೋಯಿಂಗ್ ಬಿ-47 ಬಾಂಬರ್ ಕಟ್ಟಿದವರಿಗೂ ಇದು ತಲೆನೋವಾಗಿತ್ತು.

ಇಂದಿನ ದೊಡ್ಡ ವಿಮಾನಗಳು ಇದಕ್ಕೆ ಹಂಚಿಕೆಯ ದಾರಿ ಹಿಡಿದಿವೆ. ಬೋಯಿಂಗ್ 777ರ ರೆಕ್ಕೆಯ ತುದಿಯ ಕಡೆ ಒಂದು ಏಲೆರಾನ್, ಬುಡದ ಕಡೆ ಅದೇ ಕೆಲಸಕ್ಕೆ ಇನ್ನೊಂದು. ವೇಗ ಹೆಚ್ಚಿದ ಮೇಲೆ ತುದಿಯದ್ದಕ್ಕೆ ಬೀಗ, ರೆಕ್ಕೆ ಗಟ್ಟಿಯಾಗಿರುವ ಬುಡದ ಕಡೆಯದ್ದಕ್ಕಷ್ಟೇ ಕೆಲಸ. ಮೇಲೆ ಹೇಳಿದ ಸ್ಪಾಯ್ಲರ್‌ಗಳೂ ಇಲ್ಲಿ ಕೈಜೋಡಿಸುತ್ತವೆ. ಕೆಳಗಿಳಿಯಬೇಕಾದ ರೆಕ್ಕೆಯ ಬೆನ್ನಿನ ಮೇಲೆ ಅವು ಎದ್ದು ನಿಂತು ಅಲ್ಲಿನ ಗಾಳಿಯ ಹರಿವನ್ನು ಕೆಡಿಸಿ ಬಲ ಕಡಿಮೆ ಮಾಡುತ್ತವೆ. ಇನ್ನೊಂದು ರೆಕ್ಕೆಯವು ಸುಮ್ಮನಿರುತ್ತವೆ. ಇದರಲ್ಲಿ ಹಿಂದೆಳೆತ ಕೆಳಗಿಳಿಯುವ ರೆಕ್ಕೆಯ ಕಡೆಗೇ ಬೀಳುವುದರಿಂದ ಮೂತಿ ತಿರುವಿನ ದಿಕ್ಕಿಗೇ ಹೋಗುತ್ತದೆ, ರೈಟ್ ಸಹೋದರರ ತಲೆನೋವು ಇಲ್ಲಿ ಉಲ್ಟಾ. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಹಾರುವ ಎಟಿಆರ್ 72 ವಿಮಾನದಲ್ಲಿ ಇನ್ನೂ ಹಳೆಯ ಪದ್ಧತಿ: ಪೈಲಟ್‌ನ ಕೈಯಿಂದ ಏಲೆರಾನ್‌ವರೆಗೆ ತಂತಿ ಹಗ್ಗ, ಜೊತೆಗೆ ರೆಕ್ಕೆಗೊಂದು ಸ್ಪಾಯ್ಲರ್. ಎ320ರಲ್ಲಾದರೋ ಸ್ಟಿಕ್ಕಿಗೂ ಏಲೆರಾನಿಗೂ ನಡುವೆ ಕಂಪ್ಯೂಟರ್. 33 ಡಿಗ್ರಿಗಿಂತ ಹೆಚ್ಚು ವಾಲಿಸಿ ಕೈ ಬಿಟ್ಟರೆ ಅದು ತಾನಾಗಿ 33ಕ್ಕೆ ವಾಪಸ್ ತರುತ್ತದೆ, ಸಾಮಾನ್ಯ ಸ್ಥಿತಿಯಲ್ಲಿ 67 ಡಿಗ್ರಿ ದಾಟಲು ಬಿಡುವುದೇ ಇಲ್ಲ.

ಏಲೆರಾನೇ ಇಲ್ಲದೆ ಹೊರಳುವ ವಿಮಾನಗಳೂ ಬೆಂಗಳೂರಿನ ಎಚ್‌ಎಎಲ್ ಅಂಗಳದಿಂದ ಹೊರಬಂದಿವೆ. ಜಾಗ್ವಾರ್ ರೆಕ್ಕೆಯ ಹಿಂದಿನ ಅಂಚನ್ನೆಲ್ಲ ಫ್ಲಾಪ್ ನುಂಗಿದೆ. ಹೊರಳಲು ಅದಕ್ಕೆ ಸ್ಪಾಯ್ಲರ್‌ಗಳು, ಜೊತೆಗೆ ಬಾಲದ ಎರಡು ಹಲಗೆಗಳು ಒಂದಕ್ಕೊಂದು ವಿರುದ್ಧ ತಿರುಗುವ ವ್ಯವಸ್ಥೆ. 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್‌ಗೆ ಅಡ್ಡ ಬಾಲವೇ ಇಲ್ಲ. ತ್ರಿಕೋನ ರೆಕ್ಕೆಯ ಹಿಂದಿನ ಪಟ್ಟಿಗಳು ಎರಡೂ ಕಡೆ ಒಟ್ಟಿಗೆ ಎದ್ದರೆ ಮೂತಿ ಮೇಲಕ್ಕೆ, ಒಂದು ಎದ್ದು ಇನ್ನೊಂದು ಇಳಿದರೆ ಹೊರಳು. ಎರಡೂ ಒಟ್ಟಿಗೆ ಬೇಕಾದಾಗ ಯಾವ ಪಟ್ಟಿಗೆ ಎಷ್ಟು ಪಾಲು ಎಂದು ಕಂಪ್ಯೂಟರ್ ಕೂಡಿ ಕಳೆದು ಹೇಳುತ್ತದೆ.

ಮತ್ತೆ ಹಾಕ್. ಒಂಟಿ ವಿಮಾನ ಹೊರಳುವ ಮುನ್ನ ಅದರ ಮೂತಿಯನ್ನು ಗಮನಿಸಿ, ಮೊದಲು ಅದು ಸ್ವಲ್ಪ ಮೇಲಕ್ಕೆ ಏಳುತ್ತದೆ. ಆಮೇಲೆ ಹೊರಳು. ವಿಮಾನ ಬೋರಲಾದ ಗಳಿಗೆಯಲ್ಲಿ ರೆಕ್ಕೆಯ ಬಲ ನೆಲದ ಕಡೆಗೆ ತಿರುಗಿರುತ್ತದೆ, ಮೂತಿ ಕುಸಿಯಲು ನೋಡುತ್ತದೆ. ಹೀಗೆ ಕಳೆದುಕೊಳ್ಳುವುದನ್ನು ಮೊದಲೇ ಎತ್ತರದಲ್ಲಿ ಜಮಾ ಮಾಡಿಟ್ಟುಕೊಳ್ಳುವ ಯುಕ್ತಿ ಅದು. ನಿಧಾನವಾಗಿ ಹೊರಳುವುದಾದರೆ ಬೋರಲಾದಾಗ ಸ್ಟಿಕ್ಕನ್ನು ಮುಂದಕ್ಕೂ ತಳ್ಳಬೇಕು. ಬ್ಯಾರೆಲ್ ರೋಲ್ ಇನ್ನೊಂದು ಜಾತಿ. ಅದರಲ್ಲಿ ಹೊರಳುತ್ತಲೇ ಸ್ಟಿಕ್ಕನ್ನು ಹಿಂದಕ್ಕೆ ಎಳೆದಿರುವುದರಿಂದ ವಿಮಾನ ದೊಡ್ಡ ಸುರುಳಿಯಲ್ಲಿ ಸಾಗುತ್ತದೆ, ಒಳಗಿದ್ದವರು ತಲೆಕೆಳಗಾದರೂ ಸೀಟಿಗೇ ಅಂಟಿರುತ್ತಾರೆ. ಬೋಯಿಂಗ್ 707ರ ಪೂರ್ವಜನಾದ ನಾಲ್ಕು ಎಂಜಿನ್ನಿನ ವಿಮಾನವನ್ನು 1955ರಲ್ಲಿ ಪರೀಕ್ಷಾ ಪೈಲಟ್ ಟೆಕ್ಸ್ ಜಾನ್‌ಸ್ಟನ್ ಸಿಯಾಟಲ್‌ನ ಸರೋವರದ ಮೇಲೆ ನೆರೆದವರ ಎದುರು ಹೀಗೆ ಹೊರಳಿಸಿಬಿಟ್ಟ. ಕಂಪನಿಯ ಯಜಮಾನರಿಗೆ ಎದೆ ಝಲ್ಲೆಂದಿದ್ದರೂ ವಿಮಾನಕ್ಕೆ ಮಾತ್ರ ಅದೊಂದು ಭಾರವೇ ಆಗಿರಲಿಲ್ಲ.

ಹೈದರಾಬಾದಿನ ಉತ್ತರಕ್ಕೆ ದುಂಡಿಗಲ್ ಇದೆ. ವಾಯುಪಡೆ ಅಕಾಡೆಮಿಯ ಹುಡುಗ ಹುಡುಗಿಯರು ಮೊದಲು ಹಾರಲು ಕಲಿಯುವುದು ಅಲ್ಲಿ, 2013ರಲ್ಲಿ ಬಂದ ಪಿಲಾಟಸ್ ಪಿಸಿ-7 ವಿಮಾನಗಳಲ್ಲಿ. ಫೈಟರ್ ದಾರಿ ಹಿಡಿದವರು ಅಲ್ಲಿಂದ ಬಹುಕಾಲ ಹಕೀಂಪೇಟೆಯ ಕಿರಣ್‌ಗೆ, ಆಮೇಲೆ ಬೀದರಿನ ಹಾಕ್‌ಗೆ ಹೋಗುತ್ತ ಬಂದಿದ್ದಾರೆ. ಈ ಹಾದಿಯ ಮೊದಲ ಮೆಟ್ಟಿಲಲ್ಲೇ ಕೈಗೆ ಕಲಿಸಬೇಕಾದ ಪಾಠವೊಂದಿದೆ, ಯಾಕೆಂದರೆ ಅದು ಸಹಜ ಬುದ್ಧಿಗೆ ವಿರುದ್ಧ. ವೇಗ ತೀರ ಕುಗ್ಗಿ ಮೂತಿ ತೀರ ಎದ್ದಾಗ ರೆಕ್ಕೆಯ ಬೆನ್ನಿನ ಮೇಲಿನ ಗಾಳಿ ಕಿತ್ತುಕೊಂಡು ಹೋಗುತ್ತದೆ, ವಿಮಾನ ಸ್ಟಾಲ್ ಆಗುತ್ತದೆ. ಆಗ ಬಹಳ ಸಲ ಒಂದು ರೆಕ್ಕೆ ಮೊದಲು ಕುಸಿಯುತ್ತದೆ. ಎಡ ಕುಸಿದರೆ ಕೈ ತಾನಾಗಿ ಸ್ಟಿಕ್ಕನ್ನು ಬಲಕ್ಕೆ ತಳ್ಳುತ್ತದೆ. ಎಡ ಏಲೆರಾನ್ ಕೆಳಗಿಳಿಯಿತು, ಆ ರೆಕ್ಕೆಯ ಬಾಗು ಹೆಚ್ಚಿತು, ಮೊದಲೇ ಹೊರಲಾರದೆ ಕೈಚೆಲ್ಲಿದ ರೆಕ್ಕೆಗೆ ಇನ್ನಷ್ಟು ಹೊರೆ ಬಿತ್ತು. ಮೇಲೇಳಬೇಕಾದ ರೆಕ್ಕೆ ಮತ್ತಷ್ಟು ಕುಸಿಯಬಹುದು, ಹಿಂದೆಳೆತ ಏರಿ ವಿಮಾನ ಗಿರಕಿ ಹೊಡೆಯುತ್ತ ಬೀಳುವ ಸ್ಪಿನ್‌ಗೆ ಜಾರಬಹುದು. ಆದ್ದರಿಂದ ಮೊದಲು ಸ್ಟಿಕ್ ಮುಂದಕ್ಕೆ, ಮೂತಿ ಕೆಳಕ್ಕೆ. ಮೂತಿ ಅತ್ತಿತ್ತ ಹೋಗದಂತೆ ಕಾಲಲ್ಲಿ ರಡ್ಡರ್. ಗಾಳಿ ಮತ್ತೆ ರೆಕ್ಕೆಗೆ ಅಂಟಿ ವೇಗ ಬಂದ ಮೇಲಷ್ಟೇ ಏಲೆರಾನ್ ಮುಟ್ಟಿ ರೆಕ್ಕೆಗಳನ್ನು ಸಮ ಮಾಡುವುದು.